ಕಂಪ್ಯೂಟ್ರಪ್ಪನ ಅರ್ಚನೆ

ಚನ್ನರಾಯಪಟ್ಟಣದ ಒಂದು ಪುಟ್ಟ ಈಶ್ವರನ ಗುಡಿಯಲ್ಲಿ ರಜನೀಶ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ. ಸೇರಿದಾಗಿನಿಂದ ಎಲ್ಲರೂ ಅವನನ್ನು ಕರೆಯುತ್ತಿದ್ದುದು "ಕಂಪ್ಯೂಟ್ರಪ್ಪ" ಎಂದೇ. ಆ ಸೋಮವಾರ ಬೆಳಿಗ್ಗೆ ಅವನು ಭಕ್ತರ ಹೆಸರು, ಗೋತ್ರ, ನಕ್ಷತ್ರಗಳನ್ನೆಲ್ಲ ಹಳೆಯ ಸರ್ವರಿನಿಂದ ಹೊಸದಕ್ಕೆ ಸಾಗಿಸಿ ಅರ್ಚನೆಯ ಪಟ್ಟಿ ಪ್ರಿಂಟ್ ತೆಗೆದ. ಹಾಳೆಯ ತುಂಬ, ಬಟ್ಟೆ ಕಿತ್ತುಹೋದ ಕೊಡೆಗಳ ಹಿಡಿಗಳಂತೆ, ಬರೀ ಪ್ರಶ್ನೆಚಿಹ್ನೆಗಳು.

ಅರ್ಚಕ ಕೇದಾರಯ್ಯ ಕಣ್ಣರಳಿಸಿದರು. "ಇದೇನಯ್ಯ, ದೇವರಿಗೇ ಪ್ರಶ್ನೆ ಹಾಕ್ತಿದೀಯಾ?"

ಧರ್ಮದರ್ಶಿ ಗಂಗಾಧರಯ್ಯ ಗದರಿದರು. "ಸಂಜೆ ಮಂಗಳಾರತಿ ಒಳಗೆ ಸರಿಮಾಡ್ಲಿಲ್ಲ ಅಂದ್ರೆ ನಾಳೆಯಿಂದ ನೀನು ಬರೋದೇ ಬೇಡ ಕಣಯ್ಯ!"

ರಜನೀಶ ಕೀಬೋರ್ಡ್ ಎಳೆದುಕೊಂಡು ಕೂತ. ಸಲಹೆಗಳಿಗೇನೂ ಬರವಿರಲಿಲ್ಲ.

"ಹೊಸ ಮಿಷನ್ನಿಗೆ ನಿಂಬೆಹಣ್ಣು ಕಟ್ಟಿಲ್ಲ, ಅದ್ಕೇ ಮುನಿಸ್ಕೊಂಡದೆ," ಎಂದು ಹೂ ಮಾರುವ ನೀಲಾಂಬಿಕೆ ಕಟ್ಟಿಯೇಬಿಟ್ಟಳು.

"ಅದ್ರ ತಲೆಮ್ಯಾಲೆ ಒಂದು ಕೊಡ್ಲಾ," ಎಂದ ದುದ್ದ ಊರಿಂದ ಪೂಜೆಗೆ ಬಂದಿದ್ದ ಲಕ್ಕಯ್ಯ. "ನಮ್ಮನೆ ಟೀವಿ ಅಂಗೇ ಸರಿಹೋಗೋದು."

ಪಟ್ಟಿಯಿದ್ದಾಗ ಕೇದಾರಯ್ಯ ಮೈಕಿನಲ್ಲಿ ಹೆಸರುಗಳನ್ನು ಬಸ್ ಕಂಡಕ್ಟರನಂತೆ ಒದರಿ ಮುಗಿಸುತ್ತಿದ್ದರು. ಈಗ ಬೇರೆ ದಾರಿಯಿಲ್ಲದೆ ಗರ್ಭಗುಡಿಯಿಂದ ಹೊರಬಂದು, ಸಾಲಿನಲ್ಲಿದ್ದ ಒಬ್ಬೊಬ್ಬರ ಹತ್ತಿರವೂ ಹೋಗಿ ಹೆಸರು ಕೇಳತೊಡಗಿದರು.

ಹೊತ್ತು ಇಳಿಯುವಾಗ ರಜನೀಶನಿಗೆ ತಾನು ಕಲಿತ ಕಂಪ್ಯೂಟರ್ ಸಂಜೆ ಕ್ಲಾಸಿನ ಪಾಠ ನೆನಪಾಯಿತು. ಬರುವುದು ಕನ್ನಡದ ಅಕ್ಷರ ಎಂದು ಹೊಸ ಸರ್ವರ್‌ಗೆ ಅವನು ಮೊದಲೇ ತಿಳಿಸಿರಲೇ ಇಲ್ಲ! ಕನ್ನಡ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಆರಿಸಿ, ಹಳೆಯದರಿಂದ ಎಲ್ಲವನ್ನೂ ಮತ್ತೊಮ್ಮೆ ತಂದ. ಹೆಸರುಗಳೆಲ್ಲ ನಗುತ್ತಾ ಬಂದು ಕೂತವು. ಪಟ್ಟಿ ಹಿಡಿದು ಓಡಿದ.

"ಸರಿಹೋಯ್ತು ಸಾ!"

ಗಂಗಾಧರಯ್ಯನವರ ಸುತ್ತ ಜನ ಸೇರಿದ್ದರು. ಹಿರೀಸಾವೆಯ ಮುದುಕಿ ಮಲ್ಲಿಗಮ್ಮ ಕೈಮುಗಿದು ಹೇಳುತ್ತಿದ್ದಳು. "ಪಟ್ಟಿ ಬ್ಯಾಡಿ ಬುದ್ಧಿ. ಇವತ್ತು ಐನೋರು ಹತ್ರ ಬಂದು, ಎಸ್ರೇನವ್ವ, ಮನೇಲಿ ಎಲ್ಲಾ ಚೆಂದಾಗವ್ರಾ ಅಂತ ಕೇಳುದ್ರು. ಈಟು ವರ್ಸದಾಗೆ ಯಾರೂ ಕೇಳಿರ್ನಿಲ್ಲ. ಇನ್ಮುಂದೂ ಅಂಗೇ ಮಾಡ್ಸಿ."

ಎಲ್ಲರೂ ಹೂಂಗುಟ್ಟಿದರು. ಗಂಗಾಧರಯ್ಯ ರಜನೀಶನನ್ನು ಪಕ್ಕಕ್ಕೆ ಕರೆದು ಭುಜ ತಟ್ಟಿದರು. "ಇನ್ನು ಕಂಪ್ಯೂಟ್ರಿಗೆ ಕೆಲಸ ಇಲ್ಲ ಕಣಪ್ಪ. ಸರಿಹೋಗದೆ ಇದ್ದಿದ್ರೆ ರಿಪೇರಿಗೆ ಅಂತಾದ್ರೂ ನಿನ್ನ ಸ್ವಲ್ಪ ದಿನ ಇಟ್ಕೋಬಹುದಿತ್ತು."

ಅವನ ಮುಖ ನೋಡಿ ಮಲ್ಲಿಗಮ್ಮ ಹತ್ತಿರ ಬಂದಳು. "ಅಯ್ಯೋ, ಕೆಲ್ಸ ಓಯ್ತಾ ಮಗ? ಐನೋರೇ, ಒಸಾ ಕೆಲ್ಸ ಸಿಗ್ಲಿ ಅಂತ ಈ ಮಗೀನ ಎಸ್ರಲ್ಲೂ ಒಂದು ಅರ್ಚನೆ ಮಾಡಿ."

ಕೇದಾರಯ್ಯ ಬಿಲ್ವಪತ್ರೆ ಕೈಗೆತ್ತಿಕೊಂಡು ಮಂತ್ರ ಶುರುಮಾಡಿದವರು, ನಡುವೆ ನಿಂತರು. ಹೊರಬಂದು ಅವನ ಹತ್ತಿರ ಬಗ್ಗಿ, ಮೆಲ್ಲಗೆ ಕೇಳಿದರು:

"ಕಂಪ್ಯೂಟ್ರಪ್ಪ, ನಿನ್ನ ಹೆಸರೇನಪ್ಪ?"