ಹೆಗಲ ಮೇಲಿನ ಕೈ

ಎಲ್ಲ ರಗಳೆಗೂ ಮೂಲ ಒಂದು ಬುಟ್ಟಿ ಟೊಮ್ಯಾಟೊ. ಹಿಂದಿನ ವಾರ ಟೈಲರ್ ಒಬ್ಬನೇ ಬೈಕಿನಲ್ಲಿ ದಾರ ತರಲು ಹೋದವನು, ಮಾರ್ಕೆಟ್ಟಿನ ತಿರುವಿನಲ್ಲಿ ತಿರುಗದೆ ನೇರವಾಗಿ ತರಕಾರಿಯವಳ ಬುಟ್ಟಿಗೆ ನುಗ್ಗಿದ್ದ. ಮೂವತ್ತು ವರ್ಷ ಬೈಕ್ ಓಡಿಸಿದ ಗಂಡ ಮೈಯೆಲ್ಲ ಕೆಂಪಾಗಿ ಬಂದಾಗ ಹೆಂಡತಿ ರಕ್ತವೆಂದು ಹೌಹಾರಿದಳು. ನರ್ಸ್ ಆದ್ದರಿಂದ ಮೂಸಿ ನೋಡಿ ಸುಮ್ಮನಾದಳು.

ಇನ್ನು ಒಬ್ಬನೇ ಬೈಕಿನಲ್ಲಿ ದೂರ ಹೋಗಕೂಡದೆಂದು ಅವಳು ಕಟ್ಟಪ್ಪಣೆ ಮಾಡಿದಳು. ಅಲ್ಲಿಗೆ ಟೈಲರನ ಒಂದೇ ಒಂದು ಆಸೆಗೆ ತಣ್ಣೀರು ಬಿತ್ತು. ಮನೆಯ ಮುಂಭಾಗದಲ್ಲೇ ಅವನ ಅಂಗಡಿ. ಹೊಲಿಗೆ ಮಿಷನ್ನಿನ ಎದುರು ಗೋಡೆಯಲ್ಲಿ ಹಳೇ ಕ್ಯಾಲೆಂಡರಿನ ಚಿತ್ರ: ಬೆಟ್ಟ ಬಳಸಿ ಇಳಿಯುವ ರಸ್ತೆ, ಕೊನೇ ತಿರುವಿನಲ್ಲಿ ಥಟ್ಟನೆ ತೆರೆದುಕೊಳ್ಳುವ ಸಮುದ್ರ. ಆ ರಸ್ತೆ ಅರ್ಧ ದಿನದ ದಾರಿ ಅಷ್ಟೆ. ಆದರೆ ಇವತ್ತು ಮದುವೆ ಬಟ್ಟೆ, ನಾಳೆ ಶಾಲೆ ಯೂನಿಫಾರಂ ಎಂದು ಊರವರ ಅಳತೆ ತೆಗೆಯುವುದರಲ್ಲೇ ಆಯಸ್ಸು ಸವೆದಿತ್ತು. ಒಂದು ಸಲ, ಒಬ್ಬನೇ, ಆ ತಿರುವಿನಲ್ಲಿ ಬೈಕ್ ವಾಲಿಸಿ ಸಮುದ್ರ ನೋಡಬೇಕೆಂದು ಅವನ ಜೀವ ಹಪಹಪಿಸುತ್ತಿತ್ತು.

“ಅನುಭವ ಇರೋರಿಗೇ ಅಂತ ಮೈದಾನದಲ್ಲಿ ಬೈಕ್ ತರಬೇತಿ ಕೊಡ್ತಾರಂತೆ ರೀ,” ಎಂದಳು ಹೆಂಡತಿ. “ಅಲ್ಲಿ ಪಾಸಾದೋರು ಸಮುದ್ರದ ದಾರಿ ಹಿಡೀಲಿ. ನಂದೇನೂ ತಕರಾರಿಲ್ಲ.”

“ನಂಗೆ ತರಬೇತಿಯಾ? ಮೀನಿಗೆ ಯಾರಾದ್ರೂ ಈಜು ಕಲಿಸ್ತಾರಾ?”

“ಟೊಮ್ಯಾಟೊ ಬುಟ್ಟೀಲಿ ಈಜೋ ಮೀನಿಗೆ ಕಲಿಸ್ಲೇಬೇಕು.”

ಭಾನುವಾರ ಬೆಳಿಗ್ಗೆ ಟ್ಯಾಂಕಿನ ಮುಚ್ಚಳ ತೆಗೆದರೆ ಪೆಟ್ರೋಲು ಮತ್ತೆ ತಳ ಕಂಡಿತ್ತು. ವಾರವಾರವೂ ಇದೇ ಕತೆ. ಟೈಲರ್ ಪಕ್ಕದ ಮನೆಯ ನಿವೃತ್ತ ಬಸ್ ಕಂಡಕ್ಟರನನ್ನು ಕೆಕ್ಕರಿಸಿ ನೋಡಿದ.

“ನಂಗ್ಯಾಕಪ್ಪ ನಿನ್ನ ಪೆಟ್ರೋಲು? ನಡಿ ನಡಿ, ರೈಟ್!” ಎಂದು ಸೀಟಿ ಊದಿದ ಕಂಡಕ್ಟರ್, ಯಾರೂ ಕರೆಯದಿದ್ದರೂ ಟೈಲರನ ಹೆಂಡತಿಯ ಸ್ಕೂಟರಿನ ಹಿಂದೆ ಹತ್ತಿ ಕೂತ. ರೋಗಿಗಳ ಮನೆಗೆ ಹೋಗಿಬರಲು ಅವಳಿಗೆ ಸ್ಕೂಟರಿತ್ತು. ಗಂಡ ಹೆಂಡತಿ ಒಟ್ಟಿಗೆ ಹೋಗುವಾಗ ಮಾತ್ರ ಬೈಕು, ಆಗ ಅವಳು ಹಿಂದೆ. ಇವತ್ತು ಮಾತ್ರ ಒಬ್ಬನೇ ಓಡಿಸುತ್ತೇನೆಂದು ಅವನು ಹಟ ಹಿಡಿದಿದ್ದ.

ಮೈದಾನದಲ್ಲಿ ತರಬೇತಿ ಕೊಡುವ ಹುಡುಗಿ ಕಿತ್ತಳೆ ಬಣ್ಣದ ಕೋನ್‌ಗಳನ್ನು ಸಾಲಾಗಿ ಇಟ್ಟಿದ್ದಳು. “ಹೋಗ್ಬೇಕಾದ ಕಡೆ ಕಣ್ಣಿಡಿ ಸರ್. ಕಣ್ಣು ಹೋದ ಕಡೆ ಗಾಡಿ ಹೋಗುತ್ತೆ.”

ಟೈಲರನ ಗಾಡಿ ಹೋಗಿದ್ದು ಕೋನಿನ ಮೇಲೆ. ಎರಡನೆಯದರ ಮೇಲೂ ಹೋಯಿತು. ಬ್ರೇಕಿನ ಪರೀಕ್ಷೆಯಲ್ಲಿ ಗೆರೆ ದಾಟಿ, ಮೈದಾನವನ್ನೂ ದಾಟುವಂತಾಯಿತು.

“ಮುಂದಿನ ಸ್ಟಾಪು ಚರಂಡಿ! ಇಳಿಯೋರು ಇಳೀರಿ!” ಎಂದು ಕಂಡಕ್ಟರ್ ಕೂಗಿದ.

“ತಿರುವು ಬಂದಾಗೆಲ್ಲ ಯಾತಕ್ಕೆ ಕಾಯ್ತೀರಾ ಸರ್?” ಹುಡುಗಿ ಕೇಳಿದಳು. ಟೈಲರನಿಗೂ ಅದು ಗೊತ್ತಿರಲಿಲ್ಲ.

“ನಾನು ತಟ್ಟಲಿ ಅಂತ ಕಾಯ್ತಾರೆ ಕಣಮ್ಮ,” ಎಂದು ಹೆಂಡತಿ ನಕ್ಕಳು. “ಎಡಕ್ಕೆ ಎಡ ಹೆಗಲು, ಬಲಕ್ಕೆ ಬಲ ಹೆಗಲು. ಬ್ರೇಕಿಗೆ ಬೆನ್ನಿಗೊಂದು ಗುದ್ದು.”

ಅವಳನ್ನು ಹಿಂದೆ ಕೂರಿಸಿದ್ದೇ ತಡ, ಸೂಜಿಯ ಹಿಂದೆ ದಾರ ಹೋದಂತೆ ಬೈಕು ಕೋನ್‌ಗಳ ನಡುವೆ ನುಸುಳಿತು. ಒಂದೂ ಬೀಳಲಿಲ್ಲ. ಟೈಲರ್ ಮೀಸೆ ತಿರುವಿ, “ಪಾಸ್ ತಾನೇ?” ಎಂದ.

“ಪಾಸೇ. ಆದ್ರೆ ಓಡಿಸಿದ್ದು ಯಾರು ಸರ್? ನಿಮ್ಮದು ಬರೀ ಕೈಕಾಲು.” ಹುಡುಗಿ ಹೆಂಡತಿಯ ಕಡೆ ತಿರುಗಿದಳು. “ಅಮ್ಮ, ಗೇರ್ ಗಾಡಿ ಲೈಸೆನ್ಸ್ ಇದೆಯಾ?”

“ಸ್ಕೂಟರಿಗೆ ಮಾಡಿಸ್ದಾಗ್ಲೇ ಅದನ್ನೂ ಮಾಡಿಸ್ಕೊಂಡಿದ್ದೆ.”

ಅವಳು ಬೈಕ್ ಹತ್ತಿದಳು. ಗೇರು ಬದಲಾದದ್ದು ಯಾರಿಗೂ ತಿಳಿಯಲಿಲ್ಲ. ಕೋನ್‌ಗಳು ನಿಂತಲ್ಲೇ ನಿಂತಿದ್ದವು, ಟೈಲರನ ಬಾಯಿ ಮಾತ್ರ ತೆರೆದಿತ್ತು. “ಇದನ್ನೆಲ್ಲ ಯಾವಾಗ ಕಲಿತ್ಲು?”

“ನೀನು ಮಧ್ಯಾಹ್ನ ಉಂಡು ಗೊರಕೆ ಹೊಡೀವಾಗ,” ಎಂದ ಕಂಡಕ್ಟರ್. “ಇಡೀ ಬೀದಿಗೇ ಗೊತ್ತು. ನಾನಂತೆ, ಪೆಟ್ರೋಲ್ ಕಳ್ಳ!”

ಹುಡುಗಿ ಹೆಂಡತಿಯ ಕೈ ಕುಲುಕಿ ಪಾಸಾಯಿತೆಂದಳು. ಟೈಲರನಿಗೆ ಮುಂದಿನ ತಿಂಗಳು ಬರಲು ಹೇಳಿದಳು.

“ಹಾಗಾದ್ರೆ ಸಮುದ್ರ?” ಎಂದ ಟೈಲರ್.

“ಪಾಸಾದೋರು ಹೋಗ್ಬಹುದು ಅಂತ ತಾನೇ ಮಾತು?” ಎಂದಳು ಹೆಂಡತಿ. “ ದಾರೀಲಿ ಪೆಟ್ರೋಲ್ ಹಾಕಿಸ್ಕೊಂಡು ಈಗ್ಲೇ ಹೊರಟ್ರೆ ಹೊತ್ತು ಮುಳುಗೋದ್ರೊಳಗೆ ಮುಟ್ತೀವಿ. ಹಿಂದೆ ಕೂತ್ಕೊಳ್ಳಿ.” ಅವನು ಮಿಸುಕದಿದ್ದಾಗ ಅವಳ ದನಿ ಮೆತ್ತಗಾಯಿತು. “ಆ ಚಿತ್ರ ನೀವೊಬ್ರೇ ನೋಡ್ತಿದ್ರಿ ಅಂದ್ಕೊಂಡ್ರಾ? ನೀವು ಹೊಲಿದ ಬಟ್ಟೆಗೆ ಗುಂಡಿ ಹಾಕ್ತಾ ನಾನೂ ಅದರ ಎದುರೇ ಕೂತಿರ್ತೀನಲ್ಲ. ಮೂವತ್ತು ವರ್ಷ ನಿಮ್ಮ ಜೊತೆ ಎಲ್ಲಿಗೆ ಹೋದ್ರೂ ಎದುರಿಗೆ ಇದ್ದಿದ್ದು ನಿಮ್ಮ ಬೆನ್ನು. ನಂಗೂ ಆಸೆ ಇರಲ್ವಾ?”

ಟೈಲರ್ ಹಿಂದೆ ಹತ್ತಿದ. ಕಂಡಕ್ಟರ್ ಸ್ಕೂಟರಿನ ಬೀಗದ ಕೈ ಇಸಿದುಕೊಂಡು ಸೀಟಿ ಊದಿ ಕಳಿಸಿದ.

ಸಂಜೆ ಬೆಟ್ಟದ ರಸ್ತೆಯಲ್ಲಿ ಉಪ್ಪುಗಾಳಿ ಮುಖಕ್ಕೆ ಬಡಿಯಿತು. ಕೊನೇ ತಿರುವು ಬಂತು. ಟೈಲರನ ಕೈ ತಾನಾಗಿ ಅವಳ ಎಡ ಹೆಗಲಿಗೆ ಹೋಯಿತು.

“ತಟ್ಟಬೇಡಿ, ನಂಗೆ ಗೊತ್ತು,” ಎಂದು ಅವಳು ಬೈಕನ್ನು ಸೊಗಸಾಗಿ ವಾಲಿಸಿದಳು. “ಅಯ್ಯಯ್ಯೋ, ಎಷ್ಟು ಚೆನ್ನಾಗಿದೆ ರೀ!”

“ಏನು ಕಾಣ್ತಿದೆ? ಎಲ್ಲಿ?” ಟೈಲರ್ ಎಡಕ್ಕೆ ಬಗ್ಗಿದ, ಬಲಕ್ಕೆ ಬಗ್ಗಿದ.

“ಅಲ್ಲಾಡಬೇಡಿ, ಗಾಡಿ ಓಲಾಡುತ್ತೆ!”

ಅವನು ಕದಲದೆ ಕೂತ. ಕಣ್ಣೆದುರಿಗೆ ಹೆಂಡತಿಯ ಬೆನ್ನು, ಅದರ ಮೇಲೆ ಎಂದೋ ತಾನೇ ಹೊಲಿದುಕೊಟ್ಟ ಅಂಗಿ. ಹೆಗಲ ಹೊಲಿಗೆ ಸೊಟ್ಟಗಿತ್ತು.