ರೇಷ್ಮೆಗೂಡು ತುಂಬಿದ ತಲೆಹಲಗೆ

ಮಂಚದ ತಲೆ ಕಡೆಯ ಹಲಗೆಗೆ ಮೆತ್ತೆ ಹೊದಿಸುವುದು ದೊಡ್ಡ ವಿದ್ಯೆಯೇನಲ್ಲ. ಒಂದು ಹಲಗೆ, ಅದರ ಮೇಲೆ ಮೆತ್ತಗೆ ಏನಾದರೂ, ಅದರ ಮೇಲೆ ಬಟ್ಟೆ, ಸುತ್ತ ಮೊಳೆ. ಮುಗಿಯಿತು! ಇದಕ್ಕೆಲ್ಲ ಬಡಗಿ ಯಾಕೆ?

ಕೊಯಮತ್ತೂರಿನಿಂದ ಬಂದ ಆಫೀಸರ ಹೆಂಡತಿಗೆ ನಾನು ನೇಯ್ದ ಸೀರೆ ತೋರಿಸಲು ಕೊಳ್ಳೇಗಾಲದ ಬಂಗಲೆಗೆ ಹೋದಾಗ ಅಂಥದ್ದೊಂದು ಮಂಚ ನೋಡಿದ್ದೆ. ಆದರೆ ನನಗೆ ಹಟ ಹುಟ್ಟಿಸಿದ್ದು ಆ ಮಂಚವಲ್ಲ, ನನ್ನ ಮಾವ. ರಾಮಾಪುರದಲ್ಲಿ ರೇಷ್ಮೆಹುಳು ಸಾಕುವವರು. ಮೊನ್ನೆ ನಮ್ಮ ಮದುವೆಯಲ್ಲಿ ಕೊಡಲಾಗದ ಮಂಚವನ್ನು ಈಗ ಕಳಿಸುತ್ತೇನೆ ಎಂದರು. ಬೇಡ, ನಾನೇ ಮಾಡಿಕೊಳ್ಳುತ್ತೇನೆ ಎಂದೆ. ಅದಕ್ಕವರು ನೆಂಟರೆಲ್ಲರ ಮುಂದೆ, "ಲಾಳಿ ಎಸೆಯೋದ್ ಬುಟ್ರೆ ನಮ್ ಅಳಿಯಂದ್ರಿಗೆ ಒಂದ್ ಮೊಳೆ ಒಡೆಯಕ್ಕೂ ಬರಲ್ಲ ಕಣ್ರಿ" ಅಂದರು.

ನೆಂಟರು ನಕ್ಕರು. ಮಾವನ ಮಂಚ ನನ್ನ ಹೊಸಿಲು ದಾಟಿದರೆ ಆ ಮಾತೂ ಜೊತೆಗೆ ಬಂದು, ನಾನು ಸಾಯುವ ತನಕ ನಮ್ಮ ಮನೆಯಲ್ಲೇ ಉಳಿಯುತ್ತದೆ. ಮುಂದಿನ ವಾರ ಬಂದು ನಿಮ್ಮ ಮಂಚದ ಮೇಲೇ ಮಲಗುತ್ತೇನೆ ಎಂದು ಹೇಳಿ ಅವರು ಬಸ್ಸು ಹತ್ತಿದರು.

ಅಜ್ಜನ ಮುರುಕು ಮಗ್ಗದ ಮರದಲ್ಲಿ ಮಂಚ ಎದ್ದು ನಿಂತಿತು. ಒಂದು ಕಾಲಿನ ಕೆಳಗೆ ಕಲ್ಲು ಕೊಟ್ಟೆ, ಅಷ್ಟೆ. ತಲೆಹಲಗೆಗೆ ಬಚ್ಚಲು ಮನೆಯ ಬಾಗಿಲು ಕಿತ್ತುಕೊಂಡೆ. ಸದರಿ ಬಾಗಿಲು ಇನ್ನೂ ಬಳಕೆಯಲ್ಲಿದೆ ಎಂದು ಹೆಂಡತಿ ಪುಟ್ಟತಾಯಿ ಆಕ್ಷೇಪಣೆ ಎತ್ತಿದಳು. ಬಾಗಿಲಿದ್ದ ಕಡೆ ಗೋಣಿತಾಟು ಇಳಿಬಿಟ್ಟುಕೊಟ್ಟೆ. ಗಾಳಿ ಬೀಸಿದ ದಿನ ಅವಳು ನನ್ನೊಂದಿಗೆ ಮಾತಾಡಲಿಲ್ಲ.

ಒಳಗೆ ಏನು ತುಂಬುವುದು? ಹತ್ತಿ ಯಾರಾದರೂ ತುಂಬುತ್ತಾರೆ. ರೇಷ್ಮೆ ನೇಯುವವನ ತಲೆಗೆ ಹತ್ತಿಯೇ? ಹಿಂದಿನ ಬೀದಿಯಲ್ಲಿ ನೂಲು ತೆಗೆಯುವವರ ಮನೆಯಲ್ಲಿ, ನೂಲಿಗೆ ಬಾರದ ಕಲೆಗೂಡು, ತೆಳುಗೂಡು ರಾಶಿ ಬಿದ್ದಿತ್ತು. ಕೇಳಿದೆ, ಚೀಲ ತುಂಬಿಕೊಟ್ಟರು. ಪುಟ್ಟತಾಯಿ ಒಂದು ಗೂಡು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದಳು.

"ಈ ಗೂಡ್ನ ಆವಿಗೆ ಇಕ್ಕಿಲ್ಲ ಕಣ್ರಿ. ಒಳ್ಗಡೆ ಹುಳ ಇನ್ನೂ ಜೀವಂತ್ವಾಗದೆ."

"ಮೂರ್ ತಲೆಮಾರಿಂದ ರೇಷ್ಮೆ ನೇಯ್ದ ಮನೆ ಕಣಮ್ಮಿ ಇದು. ನಂಗೆ ರೇಷ್ಮೆ ಏಳ್ಕೊಡಕ್ ಬಂದ್ಯಾ?"

ರೇಷ್ಮೆ ನಮ್ಮ ಮನೆಗೆ ನೂಲಾಗಿಯೇ ಬರುವುದು. ನೂಲಾಗುವ ಮೊದಲು ಅದು ಏನಾಗಿತ್ತು ಎಂದು ನಾವು ಮೂರು ತಲೆಮಾರಿನಿಂದ ಕೇಳಿಲ್ಲ.

ಗೂಡು ಹರಡಿದೆ. ಮಗ್ಗದಲ್ಲಿ ಕೆಟ್ಟುಹೋಗಿದ್ದ ಗಂಧದ ಬಣ್ಣದ ರೇಷ್ಮೆ ತುಂಡು ಎಳೆದು ಹೊದಿಸಿ, ಹಿತ್ತಾಳೆ ತಲೆಯ ಮೊಳೆ ಹೊಡೆದೆ. ಮೊಳೆ ಸಾಲದೆ ಬಂದು ಅಲ್ಲಲ್ಲಿ ಬೆರಳು ತೂರುವಷ್ಟು ಸಂದಿ ಉಳಿಯಿತು. ಗಾಳಿ ಆಡಲಿ ಎಂದುಕೊಂಡೆ.

ಮಾವ ಬಂದರು. ಮಂಚವನ್ನು ಸುತ್ತು ಹಾಕಿ ನೋಡಿದರು, ಕೂತರು, ಒರಗಿದರು. ಬೆನ್ನ ಹಿಂದೆ ಗಲಗಲ ಎಂದಿತು. ಮಾವ ನನ್ನ ಮುಖ ನೋಡಿದರು. ಹೊದ್ದು ಮಲಗಿದರು. ಗೆದ್ದೆ ಎಂದು ನಾನೂ ಮಲಗಿದೆ.

ಬೆಳಿಗ್ಗೆ ಹೊಗಳಿಕೆ ಕೇಳಲು ಕಾಫಿ ಹಿಡಿದುಕೊಂಡು ಹೋದೆ. ಮಾವ ಮಂಚದ ಮೇಲೆ ಕಲ್ಲಿನಂತೆ ಕೂತಿದ್ದರು. ಟೂರಿಂಗ್ ಟಾಕೀಸಿನಿಂದ ಜನ ಹೊರಬೀಳುವಂತೆ ಮೊಳೆ ಸಂದಿಗಳಿಂದ ಬಿಳಿ ಚಿಟ್ಟೆಗಳು ಹೊರಬೀಳುತ್ತಿದ್ದವು! ಬಟ್ಟೆಯ ಮೇಲೆ ಚಿಟ್ಟೆ, ಮಾವನ ಹೆಗಲ ಮೇಲೆ ಚಿಟ್ಟೆ, ಬೋಳು ತಲೆಯ ಮೇಲೆ ಎರಡು ಕೂತು ರೆಕ್ಕೆ ಬಡಿಯುತ್ತಿದ್ದವು. ಅವರ ಬಿಳಿ ಜುಬ್ಬದ ತುಂಬ ಚಿಟ್ಟೆ ಬಿಟ್ಟ ಕಂದು ಕಲೆ. ನಾನು ಪೊರಕೆ ಎತ್ತಿಕೊಂಡೆ.

"ಮುಟ್ಬೇಡಿ ಅಳಿಯಂದ್ರೇ" ಎಂದರು ಮಾವ, ಮೆಲ್ಲಗೆ. "ಜೋಡಿ ಆಗವೆ."

ಹೊಸ ಜೋಡಿಗೆಂದು ಮಾಡಿದ ಮಂಚ. ಸುಖ ಮೊದಲು ಕಂಡದ್ದು ಅವು.

ಚಿಟ್ಟೆಗಳು ಮೊಟ್ಟೆ ಇಡುವ ತನಕ ಮಾವ ಊರಿಗೆ ಹೊರಡಲಿಲ್ಲ. ನಮ್ಮನ್ನು ಆ ಕೋಣೆಯಲ್ಲಿ ಗಟ್ಟಿಯಾಗಿ ಉಸಿರಾಡಲೂ ಬಿಡಲಿಲ್ಲ. ಪುಟ್ಟತಾಯಿ ಸೆರಗು ಬಾಯಿಗಿಟ್ಟುಕೊಂಡು ಅತ್ತಿತ್ತ ಓಡಾಡಿದಳು. ಅಳುತ್ತಿಲ್ಲ ಎಂಬುದು ಅವಳ ಹೆಗಲು ಕುಣಿಯುವುದರಲ್ಲೇ ತಿಳಿಯುತ್ತಿತ್ತು. ನನ್ನ ರೇಷ್ಮೆ ಬಟ್ಟೆಯ ಮೇಲೆ ಗಸಗಸೆ ಚೆಲ್ಲಿದಂತೆ ಮೊಟ್ಟೆ. ಬಟ್ಟೆ ಬಿಡಿಸಿಕೊಳ್ಳಲು ಇಕ್ಕಳ ತರಲೇ ಎಂದು ಕೇಳಿದೆ. ಬೇಕಾಗಲಿಲ್ಲ. ನಾನು ಹೊಡೆದ ಮೊಳೆಗಳನ್ನು ಮಾವ ಬೆರಳಲ್ಲೇ ಕಿತ್ತರು! ಬಟ್ಟೆ ಸುತ್ತಿ, ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದರು.

ಆ ಮೊಟ್ಟೆಯಿಂದ ಬೆಳೆ ಚೆನ್ನಾಗಿ ಬಂತು. ಅದು ತಿಳಿದದ್ದು ಗಾಡಿಯ ಮೇಲೆ ಹಲಸಿನ ಮಂಚ ಹೇರಿಕೊಂಡು ಮಾವನೇ ಬಂದಾಗ. ಒಂದು ಕಡೆ ನಾನೇ ಹಿಡಿದು ಒಳಗಿಳಿಸಿದೆ. ಮಾವ ಬೆವರು ಒರೆಸಿಕೊಂಡರು.

"ನಮ್ಮೂರೋರೆಲ್ಲ ಕೇಳ್ತಾವ್ರೆ. ಅಳಿಯಂದ್ರು ಇನ್ನೊಂದ್ ತಲೆಹಲಗೆ ಯಾವಾಗ ಮಾಡ್ತಾರೆ ಅಂತ."

ನನ್ನ ಕೈಕೆಲಸವನ್ನು ಇವತ್ತಿನವರೆಗೆ ಕೇಳಿ ಬಂದವರು ಹುಳು ಸಾಕುವವರು ಮಾತ್ರ. ಮಾವನ ಮಂಚಕ್ಕೆ ಮೆತ್ತೆ ಇಲ್ಲ, ಬರೀ ಹಲಗೆ. ಒರಗಿದಾಗಲೆಲ್ಲ ತಲೆಗೆ ಟೊಕ್ ಎಂದು ಬಡಿಯುತ್ತದೆ. ತಲೆ, ಹಲಗೆ ಎರಡೂ ಮರವೇ ಆದ್ದರಿಂದ ಯಾವುದಕ್ಕೂ ನೋವಾಗುವುದಿಲ್ಲ.