ಪವರ್ ಕದ್ದವರು ಯಾರು?

ರೇಡಿಯೊ ಟ್ರಾನ್ಸ್‌ಮಿಟರ್ ಕಾಯುವವನ ಮೇಲೆ ಯಾರಿಗಾದರೂ ಒಬ್ಬರಿಗೆ ಅನುಮಾನ ಇದ್ದೇ ಇರುತ್ತದೆ. ತೊಂಬತ್ತರ ದಶಕದಲ್ಲಿ, ಸವದತ್ತಿ ಕಡೆಯ ಒಂದು ಸಣ್ಣ ಕೇಂದ್ರದಲ್ಲಿ ನನ್ನ ಕೆಲಸ ಇಷ್ಟೇ: ಪವರ್ ಹೇಳಿದ ಮಟ್ಟಕ್ಕೆ ಇಡುವುದು, ಮೀಟರಿನ ಮುಳ್ಳು ಇಳಿಯದಂತೆ ನೋಡಿಕೊಳ್ಳುವುದು. ಅದು ಇಳಿಯಿತು.

ಕಾಲುವೆಯ ಲೆಕ್ಕ

ಮೊದಲು ಮುರಗೋಡದ ಹಿರಿಯರೊಬ್ಬರು ರೇಡಿಯೊ ಕಂಕುಳಲ್ಲಿ ಇಟ್ಟುಕೊಂಡು ಬಂದರು.

"ಮುಂಜಾನಿ ಸುದ್ದಿ ಹೊತ್ತಿಗೆ ನಮ್ಮೂರಾಗ ದನಿ ಸಣ್ಣ ಆಗಾಕ ಹತ್ತೈತಿ. ಯಾಕ್ರಿ?"

"ಎಲ್ಲಾ ಊರಿಗೂ ಒಂದ ಪವರ್ ಬಿಡ್ತೇವ್ರಿ, ಯಜಮಾನ್ರ."

"ನೀವು ಬಿಡ್ತೀರಿ, ಖರೆ. ನಡುವ ಯರಗಟ್ಟಿ ಮಂದಿ ಎಳಕೊಂಡ್ರ ನಮಗೇನ ಉಳೀತೈತಿ? ಕಾಲುವಿ ನೀರಿಂದು ನಾವು ನೋಡಿಲ್ಲೇನ? ಒಂದು ತಾಸು ಅವರ ರೇಡಿಯೊ ಬಂದ್ ಮಾಡಸ್ರಿ!"

ಕೈ ಮತ್ತು ಕಾಲು

ಈ ದೂರು ನಮ್ಮ ಸಾಹೇಬರ ಕಿವಿಗೆ ಬಿತ್ತು. ಅವರು ಹುಟ್ಟಾ ಸಂಶಯದ ಮನುಷ್ಯ. ಪವರ್ ಇಳಿಯುತ್ತಿದ್ದದ್ದು ಮುಂಜಾನೆ, ನನ್ನ ಪಾಳಿಯಲ್ಲಿ ಮಾತ್ರ. ಬಿಸಿಲೇರಿ ಸಾಹೇಬರು ಬರುವ ಹೊತ್ತಿಗೆ ಮುಳ್ಳು ಸಭ್ಯವಾಗಿ ತನ್ನ ಜಾಗದಲ್ಲಿ ನಿಂತಿರುತ್ತಿತ್ತು.

"ನೀವ ಏನೋ ತಿರುವಾಕ ಹತ್ತೀರಿ," ಎಂದು ಮರುದಿನ ನಸುಕಿನಲ್ಲೇ ನನ್ನ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತರು. ಅವರ ಕಣ್ಣೆದುರೇ ಮುಳ್ಳು ಇಳಿಯಿತು. ಅವರು ತಟ್ಟನೆ ನನ್ನ ಕೈ ನೋಡಿದರು. ಎರಡೂ ಮೊಣಕಾಲ ಮೇಲಿದ್ದವು.

"ಕಾಲ್ ತೋರಸ್ರಿ," ಎಂದರು.

ಹೀರೇಕಾಯಿ

ಕಾಲು ತೋರಿಸಿದರೂ ಸಂಶಯ ಹೋಗಲಿಲ್ಲ. "ಇನ್ನೊಮ್ಮೆ ಇಳೀತಂದ್ರ ನಿಮ್ಮನ್ನ ದೂರ ವರ್ಗಾ ಮಾಡಸ್ತೇನಿ" ಎಂದರು. ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆ ದೊಡವಾಡದ ತವರಿನಲ್ಲಿದ್ದಳು. ಈಗ ವರ್ಗವಾದರೆ ಕೂಸಿನ ಮುಖ ಯಾವಾಗ ನೋಡುವುದು? ನಿಜಕ್ಕೂ ಹೆದರಿದೆ.

ಮೇಲೆ ಹೋಗಬೇಕಾದ ಪವರ್ ಒಂದಿಷ್ಟು ಹಿಂದಕ್ಕೆ ಬರುತ್ತಿದೆ ಎಂದು ಇನ್ನೊಂದು ಮೀಟರ್ ಹೇಳುತ್ತಿತ್ತು. ಹಾಗೆ ಬಂದಾಗ ಟ್ರಾನ್ಸ್‌ಮಿಟರ್ ತನ್ನನ್ನು ಉಳಿಸಿಕೊಳ್ಳಲು ತಾನೇ ಪವರ್ ಇಳಿಸಿಕೊಳ್ಳುತ್ತದೆ. ಅಂದರೆ ಗೋಪುರಕ್ಕೆ ಪವರ್ ಒಯ್ಯುವ ತಂತಿಗೆ ಹೊರಗೆ ಏನೋ ತಾಗುತ್ತಿದೆ. ಮರುದಿನ ಮುಂಜಾನೆ ಕಟ್ಟಡದಿಂದ ಗೋಪುರದ ಕಡೆಗೆ ತಂತಿಯ ಕೆಳಗೇ ನಡೆದೆ. ಕೊನೆಯ ಕಂಬದಲ್ಲಿ ಕಳ್ಳ ಸಿಕ್ಕ.

ಒಂದು ಹೀರೇಬಳ್ಳಿ! ಇಬ್ಬನಿಯಲ್ಲಿ ತೊಯ್ದ ಕುಡಿ ತಂತಿಗೆ ತಾಗಿತ್ತು. ಬಿಸಿಲಿಗೆ ಇಬ್ಬನಿ ಆರಿದರೆ ಮುಳ್ಳು ಮತ್ತೆ ಸರಿ. ಬಳ್ಳಿ ಸಾಹೇಬರದ್ದೇ. ನಾವು ಸಿಬ್ಬಂದಿ ಕಾಯಿ ಕದಿಯುತ್ತೇವೆಂಬ ಸಂಶಯಕ್ಕೆ ಅವರು ಅದನ್ನು 'ಅಪಾಯ' ಎಂಬ ಬೋರ್ಡಿದ್ದ ಕಂಬಕ್ಕೆ ದಾರ ಕಟ್ಟಿ ಹಬ್ಬಿಸಿದ್ದರು. ಕಂಬಕ್ಕೇ ನಿಲ್ಲಬೇಕೆಂದು ಬಳ್ಳಿಗೆ ಯಾರೂ ಆರ್ಡರ್ ಕೊಟ್ಟಿರಲಿಲ್ಲ.

ಸಾಹೇಬರನ್ನು ಕರೆತಂದು ತೋರಿಸಿದೆ. "ಸಾಹೇಬ್ರ, ಪವರ್ ಕದ್ದಾಂವ ಇಲ್ಲೇ ಅದಾನ್ರಿ."

ಅವರು ಕತ್ತೆತ್ತಿ ಬಹಳ ಹೊತ್ತು ನೋಡಿದರು. ಮುಖ ಕೆಂಪಾಯಿತು. ತಪ್ಪಾಯಿತು ಅನ್ನುತ್ತಾರೆಂದು ಕಾದು ನಿಂತೆ.

ಮೆಲ್ಲಗೆ ನನ್ನ ಕಡೆ ತಿರುಗಿ ಕೇಳಿದರು: "ನಿನ್ನಿ ಇಲ್ಲಿ ಮೂರು ಕಾಯಿ ಇದ್ವು. ಇನ್ನೊಂದೆಲ್ಲಿ ಹೋತು?"